ಕೊಂಡು ತಂದ ಆಟಗಾರ

ಮಳೆಗಾಲವು ಕಳೆದು ಕಡಲು ತಿಳಿಯಾದ ದಿನಗಳಲ್ಲಿ ಕಾರವಾರದ ಸಮುದ್ರದಂಡೆಯ ಮೇಲೆ ಸಂಜೆಯ ಹೊತ್ತಿಗೆ ಎರಡು ಬಗೆಯ ಜನರು ಕಾಣಸಿಗುವರು. ಗಾಳಿ ಸೇವಿಸಲೆಂದು ಮೆಲ್ಲನೆ ನಡೆಯುವ ನಮ್ಮಂಥ ನಿವೃತ್ತರು ಒಂದು ಬಗೆ. ಉಸುಕಿನ ಮೇಲೆ ಕಾಲ್ಚೆಂಡನ್ನು ಒದೆಯುತ್ತ ಕೂಗಾಡುವ ತರುಣರು ಇನ್ನೊಂದು ಬಗೆ. ಆ ತರುಣರಲ್ಲಿ ಕೆಲವರು ಹಿಂದೆ ನಮ್ಮಲ್ಲಿ ಸಂಸ್ಕೃತವನ್ನು ಓದಿದವರಾದ್ದರಿಂದ ನಮ್ಮನ್ನು ಕಂಡೊಡನೆ ಕೂಗನ್ನು ಒಂದಿಷ್ಟು ತಗ್ಗಿಸುವರು. ಗುರುಗಳಿಗೆ ಈ ಕಾಲದಲ್ಲಿ ದೊರೆಯುವ ಮರ್ಯಾದೆ ಇಷ್ಟು. ನಮಗೆ ಇದು ಸಾಕು.

ಕಳೆದ ತಿಂಗಳು ಒಂದು ಸಂಜೆ ಆಟ ನಿಂತು ವಾದವು ನಡೆದಿತ್ತು. ಕಾರವಾರದ ಹುಡುಗರ ಭಕ್ತಿಯು ಎರಡು ದಿಕ್ಕಿಗೆ ಹರಿದಿರುವದು ವಾಚಕರಿಗೆ ತಿಳಿದದ್ದೇ. ಮಾಜಾಳಿಯನ್ನು ದಾಟಿದರೆ ಗೋವೆ. ಆದ್ದರಿಂದ ಕೆಲವರು ಗೋವೆಯ ತಂಡದ ಕಡೆಯವರು. ರಾಜ್ಯದ ಅಭಿಮಾನದಿಂದ ಕೆಲವರು ಬೆಂಗಳೂರಿನ ಕಡೆಯವರು. 2019ರ ಮಾರ್ಚಿ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ತಂಡವು ಗೋವೆಯನ್ನು ಒಂದೇ ಗೋಲಿನಿಂದ ಸೋಲಿಸಿದಂದಿನಿಂದ ಈ ಎರಡು ಪಕ್ಷಗಳ ನಡುವಿನ ಮಾತು ಮುಗಿದೇ ಇಲ್ಲ. ಇವೆರಡರ ಮೇಲೆ ಇಂಗ್ಲಂಡ ಸ್ಪೇನ ದೇಶಗಳ ಕ್ಲಬ್ಬುಗಳ ಭಕ್ತರೂ ಸೇರಿರುವರು. ಆದರೆ ಅಂದು ಎಲ್ಲ ಪಕ್ಷದವರ ಗೋಳೂ ಒಂದೇ ಆಗಿತ್ತು: “ಇಷ್ಟು ಕೋಟಿ ಸುರಿದು ತಂದರಲ್ಲ, ಬಂದವನು ಏನು ಕಡಿದು ಹಾಕಿದ?”

ಇದಕ್ಕೆ ಮೂರು ಮತಗಳು ಹೊರಟವು. “ಹಣ ಬಂತು, ಹಸಿವು ಹೋಯಿತು” ಎಂಬದು ಒಂದನೆಯ ಮತ. “ಆಟಗಾರ ಸರಿಯಿದ್ದಾನೆ, ಆಡಿಸುವವನಿಗೆ ಬುದ್ಧಿ ಇಲ್ಲ” ಎಂಬದು ಎರಡನೆಯದು. “ಆ ಅಂಗಿಯ ನಂಬರಿಗೇ ದೋಷವಿದೆ, ಅದನ್ನು ತೊಟ್ಟವರು ಯಾರೂ ಉದ್ಧಾರವಾಗಿಲ್ಲ” ಎಂಬದು ಮೂರನೆಯದು. ವಾದವು ಕೈಕೈ ಮಿಲಾಯಿಸುವ ಹಂತಕ್ಕೆ ಬರಲು ಒಬ್ಬನು ನಮ್ಮ ಕಡೆಗೆ ತಿರುಗಿ, “ಮಾಸ್ತರರೇ, ನಮಗೆ ತರ್ಕ ಕಲಿಸಿದವರು ನೀವು. ತೀರ್ಪನ್ನೂ ನೀವೇ ಹೇಳಬೇಕು” ಎಂದನು. ಕಾಲ್ಚೆಂಡಿನ ವಿಷಯದಲ್ಲಿ ನಮ್ಮ ಪಾಂಡಿತ್ಯವು ಶೂನ್ಯವೆಂದು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಶಿಷ್ಯರು ತರ್ಕದ ಹೆಸರನ್ನು ಹೇಳಿದ ಮೇಲೆ ಹಿಂಜರಿಯುವದು ಶೋಭಿಸದು. ಎಂಟು ದಿನಗಳ ಅವಧಿಯನ್ನು ಬೇಡಿ ಮನೆಗೆ ಬಂದೆವು. ನಮ್ಮ ಮಗನನ್ನು ಕಾಡಿ ಬೇಡಿ ಆ ಆಟಗಾರರ ಲೆಕ್ಕಪತ್ರಗಳನ್ನೆಲ್ಲ ತರಿಸಿಕೊಂಡು ಓದಿದೆವು.

ಆಟದ ಮಾತು ಮನೆವಾರ್ತೆಯ ಪತ್ರಿಕೆಗೆ ಏಕೆ ಎಂದು ನಮ್ಮ ವಾಚಕ ಭಗಿನಿಯರು ಕೇಳಬಹುದು. ಕೊಂಚ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಪ್ರಾರ್ಥನೆ. ಹೊಸಬರನ್ನು ತಂದು ಒಳಗೆ ಕೂಡ್ರಿಸಿಕೊಳ್ಳುವ ಕೆಲಸವು ಕ್ಲಬ್ಬುಗಳಲ್ಲಿ ಮಾತ್ರವೇ ನಡೆಯುವದಲ್ಲ.

ಮೊದಲು ಈ ಗೋಳು ಹೊಸದಲ್ಲವೆಂಬದನ್ನು ಹೇಳಬೇಕು. 1905ನೆಯ ಇಸವಿಯಲ್ಲಿ ಇಂಗ್ಲಂಡಿನ ಮಿಡಲ್ಸ್‌ಬರೊ ತಂಡದವರು ಆಲ್ಫ್ ಕಾಮನ್ ಎಂಬ ಆಟಗಾರನನ್ನು ಸಂಡರ್ಲಂಡ ತಂಡದಿಂದ ಒಂದು ಸಾವಿರ ಪೌಂಡು ಕೊಟ್ಟು ತಂದರು. ಒಬ್ಬ ಆಟಗಾರನಿಗೆ ಅಷ್ಟು ಹಣ ಸಂದದ್ದು ಅದೇ ಮೊದಲು. ಮನುಷ್ಯನನ್ನು ದನದಂತೆ ಮಾರಿ ಕೊಳ್ಳುವರೆಂದು ಅಂದು ದೊಡ್ಡ ಗದ್ದಲವೆದ್ದಿತು. ನೂರಾ ಹನ್ನೆರಡು ವರ್ಷಗಳ ತರುವಾಯ, 2017ರಲ್ಲಿ, ನೇಮಾರ್ ಎಂಬವನು ಸ್ಪೇನದ ಬಾರ್ಸಿಲೋನಾದಿಂದ ಪ್ಯಾರಿಸ್ಸಿಗೆ ಹೋದಾಗ ಸಂದ ಮೊತ್ತವು 22 ಕೋಟಿ 20 ಲಕ್ಷ ಯೂರೋ. ಸಂಖ್ಯೆಗೆ ಸೊನ್ನೆಗಳು ಕೂಡಿಕೊಂಡವು. ಜನರ ಮಾತು ಮಾತ್ರ ಅದೇ.

ಇನ್ನು ಮತಪರೀಕ್ಷೆ. ಹಣವೇ ಕೆಡುಕಿಗೆ ಕಾರಣವೆಂಬ ಮೊದಲನೆಯ ಮತವು ಕೇಳಲು ಬಲು ರುಚಿಯಾಗಿರುವದು. ಪರರ ಸಂಪತ್ತಿಗೆ ಸೋಮಾರಿತನದ ಹೆಸರನ್ನಿಟ್ಟರೆ ನಮ್ಮ ಬಡತನಕ್ಕೆ ಸದ್ಗುಣದ ಹೆಸರು ತಾನಾಗಿಯೇ ಬರುವದಷ್ಟೆ! ಆದರೆ ಕಾರಣವನ್ನು ಗೊತ್ತುಮಾಡಲು ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ಅದು ಇದ್ದಲ್ಲಿ ಇದು ಇರಬೇಕು. ಅದು ಇಲ್ಲದಲ್ಲಿ ಇದೂ ಇರಬಾರದು. ಫಿಲಿಪ್ ಕುಟಿನೊ ಎಂಬ ಬ್ರಾಝಿಲದ ಆಟಗಾರನನ್ನು 2018ರ ಜಾನೇವಾರಿಯಲ್ಲಿ ಬಾರ್ಸಿಲೋನಾದವರು ಲಿವರ್‌ಪೂಲ್ ತಂಡದಿಂದ ಹತ್ತು ಕೋಟಿ ಯೂರೋಗಳಿಗೂ ಮಿಕ್ಕ ಬೆಲೆಗೆ ತಂದರು. ಅಲ್ಲಿ ಅವನ ಆಟವು ಕಳೆಗಟ್ಟಲಿಲ್ಲ. 2019ರಲ್ಲಿ ಅವನನ್ನು ಜರ್ಮನಿಯ ಬಾಯರ್ನ್ ತಂಡಕ್ಕೆ ಎರವಾಗಿ ಕಳಿಸಿದರು. 2020ರ ಆಗಸ್ಟ 14ರಂದು ಲಿಸ್ಬನ್ನಿನಲ್ಲಿ ಈ ಎರಡೇ ತಂಡಗಳು ಎದುರಾದವು. ಬಾಯರ್ನ್ ತಂಡವು ಎಂಟು ಗೋಲು ಹೊಡೆಯಿತು, ಬಾರ್ಸಿಲೋನಾ ಎರಡು. ಆ ಎಂಟರಲ್ಲಿ ಕೊನೆಯ ಎರಡನ್ನು ಹೊಡೆದವನು, ಆಟದ ನಡುವೆ ಬದಲಿಯಾಗಿ ಇಳಿದ ಈ ಕುಟಿನೊನೇ! ಅವನನ್ನು ಕೊಂಡವರೇ ಅವನ ಕಾಲಿನ ಬಲವನ್ನು ಎದುರು ಪಕ್ಷದಲ್ಲಿ ಕಂಡರು. ಮನುಷ್ಯ ಅವನೇ, ಅವನಿಗೆ ದೊರೆತ ಹಣವೂ ಹಾಗೆಯೇ ಇತ್ತು, ಫಲವು ಬೇರೆ. ಹಣವು ಇದ್ದೂ ಸೋಮಾರಿತನವು ಕಾಣದಿದ್ದ ಮೇಲೆ ಹಣವನ್ನು ಕಾರಣವೆನ್ನುವದು ಹೇಗೆ?

ನಮ್ಮ ಸಮೀಪದ ಉದಾಹರಣೆಯು ಇನ್ನೂ ಸ್ಪಷ್ಟವಾಗಿರುವದು. ಫಿಜಿ ದ್ವೀಪದ ರಾಯ್ ಕೃಷ್ಣ ಎಂಬ ಮುಂಚೂಣಿಯ ಆಟಗಾರನು 2019ರಲ್ಲಿ ಕಲಕತ್ತೆಯ ತಂಡಕ್ಕೆ ಬಂದನು. ಸೂಪರ್ ಲೀಗಿನ ಮೊದಲನೆಯ ವರ್ಷ 15 ಗೋಲು, ಎರಡನೆಯ ವರ್ಷ 14 ಗೋಲು. 2022ರಲ್ಲಿ ಬೆಂಗಳೂರು ತಂಡದವರು ಅವನನ್ನು ಬಹು ಆಸೆಯಿಂದ ಕರೆತಂದರು. ಇಲ್ಲಿ ಅವನ ಗೋಲುಗಳು ಮೊದಲಿನ ಅರ್ಧವನ್ನೂ ಮುಟ್ಟಲಿಲ್ಲ. “ವಯಸ್ಸಾಯಿತು; ಮೂವತ್ತೈದು ದಾಟಿದವನನ್ನು ತಂದರೆ ಇನ್ನೇನು?” ಎಂದರು ಜನರು. ಮರುವರ್ಷ ಅವನು ಒಡಿಶಾ ತಂಡಕ್ಕೆ ಹೋಗಿ ಲೀಗಿನಲ್ಲಿ 13 ಗೋಲು ಹೊಡೆದನು. ವಯಸ್ಸು ಒಂದು ವರ್ಷ ಏರಿತ್ತೇ ಹೊರತು ಇಳಿದಿರಲಿಲ್ಲ. ಆದ್ದರಿಂದ ವಯಸ್ಸೆಂಬ ಕಾರಣವೂ ಒರೆಗಲ್ಲಿನ ಮೇಲೆ ನಿಲ್ಲಲಿಲ್ಲ.

ಹಾಗಾದರೆ ಬದಲಾದದ್ದು ಯಾವದು? ಕಲಕತ್ತೆಗೆ ಕೃಷ್ಣನು ಒಬ್ಬನೇ ಬಂದಿರಲಿಲ್ಲ. ಡೇವಿಡ್ ವಿಲಿಯಮ್ಸ್ ಎಂಬ ಆಸ್ಟ್ರೇಲಿಯಾದ ಆಟಗಾರನೂ ಅದೇ ವರ್ಷ ಅದೇ ತಂಡಕ್ಕೆ ಬಂದನು. ಇಬ್ಬರೂ ಅದಕ್ಕೆ ಮೊದಲು ನ್ಯೂಝಿಲಂಡಿನ ವೆಲಿಂಗ್ಟನ್ ತಂಡದಲ್ಲಿ ಜೊತೆಗೂಡಿ ಆಡಿದವರು. ಒಬ್ಬನು ಎತ್ತ ಓಡುವನೆಂಬದನ್ನು ಇನ್ನೊಬ್ಬನು ನೋಡದೆಯೇ ಬಲ್ಲನು. ಬೆಂಗಳೂರಿನಲ್ಲಿ ಆ ಜೊತೆಗಾರನಿರಲಿಲ್ಲ. ಸುನೀಲ ಛೇತ್ರಿಯಂಥ ಗೋಲು ಹೊಡೆಯುವವನು ಅಲ್ಲಿ ಮೊದಲೇ ಇದ್ದನು. ಶಿವಶಕ್ತಿ ನಾರಾಯಣನ್ ಎಂಬ ತರುಣನು ಆ ವರ್ಷವೇ ಮುಂಚೂಣಿಯಲ್ಲಿ ಬೆಳಕಿಗೆ ಬಂದನು. ತಂಡವೇನೂ ಕೆಡಲಿಲ್ಲ. 2022ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. 2023ರ ಮಾರ್ಚಿಯಲ್ಲಿ ಗೋವೆಯ ಫಾತೋರ್ಡಾದಲ್ಲಿ ಲೀಗಿನ ಅಂತಿಮ ಪಂದ್ಯದವರೆಗೂ ಹೋಗಿ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಮನೆಯು ಚೆನ್ನಾಗಿಯೇ ನಡೆಯಿತು. ಹೊಸಬನ ಹೆಸರಿನ ಮುಂದಿನ ಅಂಕೆ ಮಾತ್ರ ಚಿಕ್ಕದಾಯಿತು. ನಾವು ಅಂಕೆಯನ್ನು ನೋಡಿ ಮನುಷ್ಯನನ್ನು ತೂಗಿದೆವು.

ಇಲ್ಲಿ ನ್ಯಾಯಶಾಸ್ತ್ರದ ಒಂದು ಹಳೆಯ ದೃಷ್ಟಾಂತವು ನೆನಪಿಗೆ ಬರುವದು. ಬಟ್ಟೆಗೆ ಕಾರಣವೇನು? ನೂಲು, ಎಂದು ಎಳೆಯ ಹುಡುಗನೂ ಹೇಳುವನು, ಇದು ಸಮವಾಯಿಕಾರಣ. ನೇಕಾರನೂ ಅವನ ಲಾಳಿಯೂ ನಿಮಿತ್ತಕಾರಣ. ಆದರೆ ಇವೆರಡರ ನಡುವೆ ಮೂರನೆಯದೊಂದಿದೆ: ನೂಲುಗಳ ಪರಸ್ಪರ ಸಂಯೋಗ. ಇದಕ್ಕೆ ಅಸಮವಾಯಿಕಾರಣವೆಂದು ಹೆಸರು. ಮಾರುಕಟ್ಟೆಯ ಎಲ್ಲಕ್ಕೂ ಮೇಲಾದ ರೇಶ್ಮೆಯ ಎಳೆಯನ್ನು ಬಂಗಾರದ ಬೆಲೆಗೆ ತಂದು ಮಗ್ಗದ ಪಕ್ಕದಲ್ಲಿಟ್ಟರೆ ಅದು ಎಳೆಯೇ ಹೊರತು ಬಟ್ಟೆಯಲ್ಲ. ಹುಡುಗರ ಮೊದಲನೆಯ ಮತವು ನೂಲನ್ನು ಬೈಯಿತು. ಎರಡನೆಯದು ನೇಕಾರನನ್ನು ಬೈಯಿತು. ಸಂಯೋಗದ ಮಾತನ್ನು ಯಾರೂ ಎತ್ತಲಿಲ್ಲ. ಕ್ಲಬ್ಬಿನವರು ಕೊಳ್ಳಬಲ್ಲದ್ದು ಆಟಗಾರನನ್ನು. ಅವನು ಗಳಿಸಿದ ಗೋಲುಗಳು ಅವನಲ್ಲಿ ಅರ್ಧ ಇದ್ದರೆ, ಅವನಿಗೆ ಚೆಂಡನ್ನು ಕೊಟ್ಟವರಲ್ಲಿ ಅರ್ಧ ಇದ್ದವು. ಆ ಎರಡನೆಯ ಅರ್ಧವು ಹಳೆಯ ಊರಿನಲ್ಲಿಯೇ ಉಳಿಯಿತು. ನಮ್ಮ ಜಿಲ್ಲೆಯ ಯಕ್ಷಗಾನಪ್ರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಹೆಸರಾದ ವೇಷಧಾರಿಯನ್ನು ಒಂದು ರಾತ್ರಿಯ ಮಟ್ಟಿಗೆ ಕರೆಸಿದಾಗ, ಭಾಗವತರಿಗೂ ಅವರಿಗೂ ಹೊಂದಿಕೆಯಾಗದೆ ಪದ್ಯ ಒಂದು ಕಡೆ, ಕುಣಿತ ಒಂದು ಕಡೆಯಾದದ್ದನ್ನು ಬೆಳಗಿನವರೆಗೆ ಕುಳಿತು ನೋಡಿದವರು ಎಷ್ಟು ಮಂದಿಯಿಲ್ಲ?

ಇನ್ನು ಬೆಲೆಯ ಮಾತು. ಬೆಲೆಯು ದೊಡ್ಡದಾಗಿದ್ದರೆ ಬಲವೂ ಅಷ್ಟೇ ದೊಡ್ಡದಿರಬೇಕೆಂಬ ನಂಬಿಗೆಯಿಂದಲೇ ಈ ನಿರಾಶೆಯು ಹುಟ್ಟುವದು. ಬೈತಖೋಲದ ಬಂದರದಲ್ಲಿ ದೋಣಿ ಬಂದಾಗ ಮೀನಿನ ಲಿಲಾವು ನಡೆಯುವದನ್ನು ನಾವು ಅನೇಕ ಸಲ ನಿಂತು ನೋಡಿದ್ದೇವೆ. ಬುಟ್ಟಿಯ ಮೇಲಿನ ಮೀನು ಎಲ್ಲರಿಗೂ ಕಾಣುವದು; ಅಡಿಯದು ಯಾರಿಗೂ ಕಾಣದು. ಹತ್ತು ಮಂದಿ ಹತ್ತು ಬಗೆಯಾಗಿ ಅಂದಾಜು ಮಾಡುವರು. ಕೆಲವರದು ಕಡಿಮೆ, ಕೆಲವರದು ಹೆಚ್ಚು. ನಿಜವಾದ ಬೆಲೆಯು ಬಹುಶಃ ಇವರ ನಡುವೆ ಎಲ್ಲಿಯೋ ಇರುವದು. ಆದರೆ ಬುಟ್ಟಿಯು ಯಾರ ಪಾಲಾಗುವದು? ನಡುವಿನವನ ಪಾಲಿಗಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನ ಪಾಲಿಗೆ. ಅಂದರೆ ಲಿಲಾವಿನಲ್ಲಿ ಗೆದ್ದದ್ದೇ, ಅವನ ಅಂದಾಜು ಮಿಕ್ಕವರದಕ್ಕಿಂತ ಮೀರಿತ್ತೆಂಬದಕ್ಕೆ ಸಾಕ್ಷಿ! ಅಮೇರಿಕೆಯಲ್ಲಿ ಕಡಲಡಿಯ ಎಣ್ಣೆಯ ನೆಲಗಳನ್ನು ಲಿಲಾವಿನಲ್ಲಿ ಹಿಡಿದ ಕಂಪನಿಗಳಿಗೆ ಲಾಭವೇಕೆ ಸಾಲದೆಂದು ವಿಚಾರಿಸಿದ ಮೂವರು ಎಂಜಿನಿಯರರು 1971ರಲ್ಲಿ ಇದೇ ತತ್ವವನ್ನು ಬರೆದು ತೋರಿಸಿದರು. ‘ಗೆದ್ದವನ ಶಾಪ’ವೆಂದು ಅದನ್ನು ಕರೆಯುವರು.

ಕ್ರಿಕೆಟ್ಟಿನ ಲಿಲಾವಿನಲ್ಲಿ ಇದು ನಮ್ಮ ಕಣ್ಣೆದುರಿಗೇ ನಡೆದಿದೆ. 2014ರಲ್ಲಿ ಯುವರಾಜ ಸಿಂಗನನ್ನು ಬೆಂಗಳೂರಿನವರು 14 ಕೋಟಿ ರೂಪಾಯಿಗಳಿಗೆ ಹಿಡಿದರು. ಅವನು 14 ಪಂದ್ಯಗಳಲ್ಲಿ 376 ಓಟಗಳನ್ನು ಗಳಿಸಿದನು. ಅದು ತೀರ ಹೀನವೇನಲ್ಲ. ಆದರೆ 14 ಕೋಟಿಯ ಪಕ್ಕದಲ್ಲಿಟ್ಟಾಗ ಜನರಿಗೆ ಹೀನವಾಗಿ ಕಂಡಿತು. ಅವನನ್ನು ಬಿಟ್ಟುಕೊಟ್ಟರು. ಆಗ ಬೆಲೆಯು ಇಳಿಯಬೇಕಲ್ಲವೆ? ಮರುವರ್ಷ ದಿಲ್ಲಿಯವರು 16 ಕೋಟಿ ಕೊಟ್ಟರು! ಅಲ್ಲಿ ಗಳಿಸಿದ ಓಟಗಳು 248. ಈ ಏರಿಳಿತದಲ್ಲಿ ಬೆಲೆಯು ಆಟಗಾರನ ತೋಳಿನ ಬಲವನ್ನು ಅಳೆಯಲಿಲ್ಲ. ಕೊಳ್ಳುವವರ ಕೈಯಲ್ಲಿದ್ದ ಹಣವನ್ನೂ ಅವರ ಆತುರವನ್ನೂ ಅಳೆಯಿತು. ಆ ಅಳತೆಯ ಭಾರವನ್ನು ಮಾತ್ರ ಆಟಗಾರನು ಹೊರಬೇಕಾಯಿತು.

ಮೂರನೆಯ ಮತವಾದ ಅಂಗಿಯ ದೋಷವನ್ನು ಕುರಿತು ನಗಬೇಕೆಂದು ಹೊರಟೆವು. ಆದರೆ ಅದರೊಳಗೂ ಒಂದು ಸತ್ಯವು ಅಡಗಿರುವದು. ಕಾಗೆಯು ಬಂದು ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋದರೆ ಅದನ್ನು ಕಾಕತಾಲೀಯವೆನ್ನುವರು. ಆಟಗಾರನನ್ನು ಕೊಳ್ಳುವದು ಯಾವಾಗ? ಅವನು ತನ್ನ ಬಾಳಿನ ಅತ್ಯುತ್ತಮ ವರ್ಷವನ್ನು ಆಡಿ ಮುಗಿಸಿದಾಗ. ಆ ವರ್ಷದ ಫಲದಲ್ಲಿ ಅವನ ಸಾಮರ್ಥ್ಯವೂ ಇರುವದು, ಅದೃಷ್ಟವೂ ಇರುವದು. ಕಂಬಕ್ಕೆ ತಗಲಿ ಹೊರಗೆ ಹೋಗಬೇಕಾದ ಚೆಂಡು ಒಳಗೆ ಹೋಗಿರುವದು. ಸಾಮರ್ಥ್ಯವು ಅವನ ಜೊತೆಗೆ ಗಾಡಿ ಹತ್ತುವದು, ಅದೃಷ್ಟವು ಹತ್ತುವದಿಲ್ಲ. ಮರುವರ್ಷ ಅವನು ತನ್ನ ಸಹಜವಾದ ಮಟ್ಟಕ್ಕೆ ಇಳಿದರೆ ನಾವು ಅದನ್ನು ಪತನವೆನ್ನುವೆವು. 1886ರಲ್ಲಿ ಗಾಲ್ಟನ್ ಎಂಬ ಇಂಗ್ಲಿಷ್ ಪಂಡಿತನು ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ಇಂಥದ್ದೇ ಒಂದು ನಿಯಮವನ್ನು ತೋರಿಸಿದನು: ಬಹು ಎತ್ತರದವರ ಮಕ್ಕಳು ಸಾಮಾನ್ಯವಾಗಿ ಎತ್ತರದವರೇ, ಆದರೆ ಸರಾಸರಿಯಲ್ಲಿ ತಂದೆತಾಯಿಗಳಷ್ಟು ಅಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಯಾವ ಅಂಗಿಯ ದೋಷವೂ ಇಲ್ಲ.

ಶರೀರವನ್ನೂ ಮರೆಯಬಾರದು. ಫರ್ನಾಂಡೊ ಟೋರೆಸ್ ಎಂಬ ಸ್ಪೇನದ ಆಟಗಾರನು ಲಿವರ್‌ಪೂಲ್ ತಂಡಕ್ಕೆ 142 ಪಂದ್ಯಗಳಲ್ಲಿ 81 ಗೋಲು ಹೊಡೆದಿದ್ದನು. 2011ರ ಜಾನೇವಾರಿಯ ಕೊನೆಯ ದಿನ ಚೆಲ್ಸಿಯವರು ಐದು ಕೋಟಿ ಪೌಂಡು ಕೊಟ್ಟು ಅವನನ್ನು ಒಯ್ದರು. ಆ ವರ್ಷದ ಉಳಿದ 18 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು. ಹಿಂದಿನ ವರ್ಷ ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಎಡೆನ್ ಹಜಾರ್ಡ್ ಎಂಬವನು 2019ರಲ್ಲಿ ಹತ್ತು ಕೋಟಿ ಯೂರೋಗಳಷ್ಟು ಬೆಲೆಗೆ ಮಾಡ್ರಿಡಕ್ಕೆ ಹೋದನು. ಅದೇ ವರ್ಷದ ನವ್ಹೆಂಬರದಲ್ಲಿ ಪಾದದ ಕೀಲಿಗೆ ಪೆಟ್ಟು ಬಿದ್ದಿತು. ನಾಲ್ಕು ವರ್ಷಗಳಲ್ಲಿ 76 ಪಂದ್ಯ, 7 ಗೋಲು. 2023ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಆಟವನ್ನೇ ಬಿಟ್ಟನು. ಕೀಲು ನೊಂದವನನ್ನು ನೋಡಿ ‘ಹಸಿವಿಲ್ಲ’ವೆನ್ನುವದು ಎಷ್ಟು ಸುಲಭ!

ಕೊಂಡು ತಂದವರೆಲ್ಲರೂ ಸೋಲುವರೆಂದು ತಿಳಿಯಬಾರದು. 2015ರ ಜುಲೈ 10ರಂದು ಮುಂಬಯಿಯಲ್ಲಿ ಕಾಲ್ಚೆಂಡಿನ ಆಟಗಾರರ ಲಿಲಾವು ನಡೆದಾಗ ಸುನೀಲ ಛೇತ್ರಿಯು 1 ಕೋಟಿ 20 ಲಕ್ಷ ರೂಪಾಯಿಗಳಿಗೆ ಮುಂಬಯಿ ತಂಡದ ಪಾಲಾದನು. ಅಂದಿನ ಅತ್ಯಧಿಕ ಬೆಲೆ ಅದೇ. ಆ ವರ್ಷ ಅವನು ಏಳು ಗೋಲು ಹೊಡೆದು ಕೊಟ್ಟ ಹಣವನ್ನು ಸಾರ್ಥಕಗೊಳಿಸಿದನು. ಆದರೆ ಸಾರ್ಥಕವಾದದ್ದನ್ನು ಕುರಿತು ದಂಡೆಯ ಮೇಲೆ ಯಾರೂ ವಾದಿಸುವದಿಲ್ಲ. ಅಗ್ಗದಲ್ಲಿ ತಂದವನು ಸೋತರೂ ಯಾರಿಗೂ ನೆನಪಿರದು. ಬೆಲೆಯೂ ದೊಡ್ಡದು, ಸೋಲೂ ದೊಡ್ಡದು ಎಂಬವನೇ ನಮ್ಮ ನೆನಪಿನಲ್ಲಿ ಮೊಳೆಯಂತೆ ನಾಟಿಕೊಳ್ಳುವನು. ನಮ್ಮ ಲೆಕ್ಕವು ಅಲ್ಲಿಯೂ ಒಂದಿಷ್ಟು ವಕ್ರವೇ.

ಇಷ್ಟು ಟಿಪ್ಪಣಿಗಳನ್ನು ಬರೆದುಕೊಂಡು, ತೀರ್ಪು ಸಿದ್ಧವಾಯಿತೆಂದು ಕನ್ನಡಕವನ್ನು ತೆಗೆದಿಟ್ಟಾಗ, ನಮ್ಮದೇ ಒಂದು ಹಳೆಯ ಪಾಪವು ನೆನಪಿಗೆ ಬಂದಿತು. ಅದನ್ನು ಹೇಳದೆ ಪರರಿಗೆ ತೀರ್ಪು ಕೊಡುವದು ನ್ಯಾಯವಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಸಂಸ್ಕೃತ ಕಂಠಪಾಠದ ಸ್ಪರ್ಧೆಯಲ್ಲಿ ನಮ್ಮ ಶಾಲೆಗೆ ಢಾಲು ಬರಬೇಕೆಂಬ ಹಟವು ನಮಗೆ ಹಿಡಿದಿತ್ತು. ಅಂಕೋಲೆಯ ಕಡೆಯ ಒಂದು ಹಳ್ಳಿಯಲ್ಲಿ ನೂರಾರು ಶ್ಲೋಕಗಳನ್ನು ತಡೆಯಿಲ್ಲದೆ ಹೇಳುವ ಹುಡುಗನೊಬ್ಬನಿರುವನೆಂದು ಕೇಳಿ ಅಲ್ಲಿಗೆ ಹೋದೆವು. ಜಗಲಿಯ ಮೇಲೆ ಹುಡುಗನೂ ಅವನ ಅಜ್ಜನೂ ಕುಳಿತಿದ್ದರು. ಹುಡುಗನು ಹೇಳಿದನು, ನಾವು ಬೆರಗಾದೆವು. ತಂದೆಯನ್ನು ಒಪ್ಪಿಸಿ, ಕಾರವಾರದಲ್ಲಿ ಊಟವಸತಿಯ ಏರ್ಪಾಡು ಮಾಡಿ, ಅವನನ್ನು ನಮ್ಮ ಶಾಲೆಗೆ ಸೇರಿಸಿಕೊಂಡೆವು. “ಈ ಸಲ ಢಾಲು ನಮ್ಮದೇ” ಎಂದು ಶಿಕ್ಷಕರ ಕೋಣೆಯಲ್ಲೆಲ್ಲ ಸಾರಿದೆವು. ಸ್ಪರ್ಧೆಯ ದಿನ ಹುಡುಗನು ವೇದಿಕೆಯ ಮೇಲೆ ನಿಂತನು. ಎರಡು ಶ್ಲೋಕ ಹೇಳಿದನು. ಮೂರನೆಯದಕ್ಕೆ ಬಾಯಿ ತೆರೆದನು, ಸ್ವರವು ಹೊರಡಲಿಲ್ಲ. ಕಣ್ಣು ಮಾತ್ರ ತನ್ನ ಎಡಮಗ್ಗುಲಿಗೆ ಏನನ್ನೋ ಹುಡುಕುತ್ತಿತ್ತು. ಮರುದಿನ ಇಡೀ ವರ್ಗದ ಮುಂದೆ ನಾವು ಅವನಿಗೆ, “ನಿನ್ನನ್ನು ತಂದದ್ದು ದಂಡವಾಯಿತು” ಎಂದೆವು. ಅವನು ತಲೆತಗ್ಗಿಸಿ ನಿಂತಿದ್ದನು. ವರ್ಷಾಂತ್ಯಕ್ಕೆ ಊರಿಗೆ ಹೋದವನು ಮರಳಿ ಬರಲಿಲ್ಲ.

ಐದಾರು ವರ್ಷಗಳ ತರುವಾಯ ಆ ಅಜ್ಜನು ತೀರಿಕೊಂಡ ಸುದ್ದಿ ತಿಳಿದು ಮನೆಯವರನ್ನು ಮಾತನಾಡಿಸಿ ಬರಲು ಹೋಗಿದ್ದೆವು. ಹುಡುಗನ ತಾಯಿಯು ಕಣ್ಣೊರಸಿಕೊಳ್ಳುತ್ತ, “ಅಜ್ಜ ಮೊದಲನೇ ಪಾದ ಎತ್ತಿಕೊಟ್ಟರೆ ಇವ ಮುಂದಿನದೆಲ್ಲ ಹೇಳ್ತಿದ್ದ, ಮಾಸ್ತರರೇ. ದಿನಾ ಸಂಜೆ ಇಬ್ಬರದೂ ಅದೇ ಕೆಲಸ. ಒಬ್ಬನೇ ಹೇಳಿದ್ದು ನಾನು ಕೇಳಿದ್ದೇ ಇಲ್ಲ” ಎಂದರು. ಆಗ ನಮಗೆ ನೆನಪಾಯಿತು. ನಾವು ಮೊದಲ ಸಲ ಹೋದ ದಿನವೂ ಅಜ್ಜನು ಹುಡುಗನ ಎಡಮಗ್ಗುಲಿಗೇ ಕುಳಿತಿದ್ದನು. ಪ್ರತಿಯೊಂದು ಶ್ಲೋಕದ ಮೊದಲ ನಾಲ್ಕು ಅಕ್ಷರಗಳನ್ನು ಮೆಲ್ಲನೆ ಉಚ್ಚರಿಸುತ್ತಿದ್ದನು. ಆ ಧ್ವನಿಯು ನಮ್ಮ ಕಿವಿಗೆ ಬಿದ್ದಿತ್ತು, ಲೆಕ್ಕಕ್ಕೆ ಬಿದ್ದಿರಲಿಲ್ಲ. ನಾವು ಅಂಕೋಲೆಯಿಂದ ತಂದದ್ದು ಒಂದೇ ನೂಲು. ಬಟ್ಟೆಯಾಗಲಿಲ್ಲವೆಂದು ನೂಲನ್ನೇ ಹರಿದು ಹಾಕಿದೆವು.

ಆ ಹುಡುಗನು ಈಗ ಸಂಸಾರಸ್ಥನು, ತಕ್ಕಮಟ್ಟಿಗೆ ಚೆನ್ನಾಗಿದ್ದಾನೆ. ಒಂದು ಮದುವೆಯ ಮನೆಯಲ್ಲಿ ಸಿಕ್ಕಾಗ ಕಾಲುಮುಟ್ಟಿ ನಮಸ್ಕರಿಸಿದನು. ಅಂದಿನ ಮಾತಿಗಾಗಿ ಕ್ಷಮೆ ಕೇಳಿದೆವು. “ನನಗೆ ನೆನಪೇ ಇಲ್ಲ, ಮಾಸ್ತರರೇ” ಎಂದನು. ನಮ್ಮ ಮೇಲಿನ ಗೌರವದಿಂದ ಹಾಗೆ ಹೇಳಿದನೆಂದು ನಾವು ಬಲ್ಲೆವು. ಅಂಥ ಮಾತುಗಳು ಆಡಿದವನಿಗೇ ಇಷ್ಟು ನೆನಪಿರುವಾಗ ಕೇಳಿದವನಿಗೆ ಮರೆಯುವವೆ?

ಈಗ ನಮ್ಮ ಮನೆಗಳ ಮಾತು. ಜೂನ್ ತಿಂಗಳು ಬಂತೆಂದರೆ ಎಷ್ಟು ಮನೆಗಳವರು ಲಕ್ಷಗಟ್ಟಲೆ ಫೀ ಕಟ್ಟಿ ಮಕ್ಕಳನ್ನು ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವರು! ಊರಿನ ಶಾಲೆಯಲ್ಲಿ ಮೊದಲನೆಯವಳಾಗಿದ್ದ ಹುಡುಗಿ ಅಲ್ಲಿ ನಲವತ್ತನೆಯವಳಾದಾಗ, “ಇಷ್ಟು ಹಣ ಸುರಿದೆವು” ಎಂಬ ಮಾತು ಫೋನಿನಲ್ಲಿ ಹೊರಡುವದು. ಹುಡುಗಿಯ ಪಕ್ಕದಲ್ಲಿ ಕುಳಿತು ಲೆಕ್ಕ ಬಿಡಿಸುತ್ತಿದ್ದ ಗೆಳತಿ, ರಾತ್ರಿ ಎಚ್ಚರವಿದ್ದು ಚಹಾ ಮಾಡಿಕೊಡುತ್ತಿದ್ದ ತಾಯಿ, ತಪ್ಪು ಮಾಡಿದರೂ ನಗುತ್ತಿದ್ದ ಮಾಸ್ತರು, ಇವರಾರೂ ಅವಳ ಪೆಟ್ಟಿಗೆಯಲ್ಲಿ ಹೋಗಿರುವದಿಲ್ಲ. ಹೊಸದಾಗಿ ಬಂದ ಸೊಸೆಯ ವಿಷಯದಲ್ಲಿಯೂ ಇದೇ. ತವರಿನಲ್ಲಿ ಚೂಟಿಯಾಗಿದ್ದವಳು ಇಲ್ಲಿ ಮಂಕಾಗಿರುವಳೆಂದು ದೂರುವ ಅತ್ತೆಯು, ಅಡಿಗೆಯ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆಯೆಂಬದನ್ನು ಅವಳಿಗೆ ಎಷ್ಟು ಸಲ ತೋರಿಸಿದ್ದೇನೆಂದು ಮೊದಲು ತನ್ನನ್ನು ಕೇಳಿಕೊಳ್ಳಬೇಕು.

ಅಂಕೋಲೆಯ ಕರಿ ಈಶಾಡ ಮಾವು ಪ್ರಸಿದ್ಧವಾದದ್ದು. 2023ರಲ್ಲಿ ಅದಕ್ಕೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಕಸಿಯ ಸಸಿಯನ್ನು ತಂದು ನೆಟ್ಟವರಿಗೆ ಒಂದು ಸಂಗತಿ ಗೊತ್ತು. ಮೊದಲಿನ ಎರಡು ಮೂರು ವರ್ಷ ಅದು ಹೂಬಿಟ್ಟರೂ ಹೂವನ್ನು ಚಿವುಟಿ ಹಾಕಬೇಕು. ಬೇರು ನೆಲವನ್ನು ಹಿಡಿಯುವ ಮುಂಚೆ ಹಣ್ಣನ್ನು ಹೊರಿಸಿದರೆ ಗಿಡವೇ ಸೊರಗುವದು. ಹೆಚ್ಚಿನ ಬೆಲೆ ಕೊಟ್ಟು ತಂದ ಸಸಿಗೆ ಈ ನಿಯಮವು ಬದಲಾಗದು. ಬೆಲೆ ಎಷ್ಟೆಂಬದು ಬೇರಿಗೆ ತಿಳಿಯುವದಿಲ್ಲ.

ಎಂಟು ದಿನ ತುಂಬಿದ ಸಂಜೆ ದಂಡೆಗೆ ಹೋದೆವು. ಹುಡುಗರು ಸುತ್ತಲೂ ಕುಳಿತರು. ಹಣ, ವಯಸ್ಸು, ಅಂಗಿ ಇವುಗಳನ್ನು ಒಂದೊಂದಾಗಿ ಕಳೆದು, ನೂಲು ಬಟ್ಟೆಗಳ ಮಾತನ್ನು ಹೇಳಿ ಮುಗಿಸಿದೆವು. ಬೆಂಗಳೂರಿನ ಪಕ್ಷದವನು ತಲೆದೂಗಿದನು. ಗೋವೆಯ ಪಕ್ಷದವನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಯಾರನ್ನೂ ಕೊಳ್ಳಲೇ ಬಾರದೇನು, ಮಾಸ್ತರರೇ?” ಎಂದನು.

“ಕೊಳ್ಳಬೇಕು, ತಮ್ಮಾ. ಆದರೆ ಕೊಳ್ಳುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಅಲ್ಲಿ ಇವನಿಗೆ ಚೆಂಡು ಕೊಡುತ್ತಿದ್ದವರಾರು? ನಾವು ನೋಡಿದ್ದು ಇವನ ಒಂದೇ ವರ್ಷವೋ, ಅನೇಕ ವರ್ಷಗಳೋ? ಇವನ ಕೀಲುಗಳು ಸರಿಯಾಗಿವೆಯೋ? ಕೊಂಡ ಮೇಲೆ ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಅವನಿಗಲ್ಲ, ನಮಗೇ ಕೇಳಿಕೊಳ್ಳಬೇಕು” ಎಂದೆವು.

“ಅದು ಯಾವದು?” ಎಂದನು.

ಹತ್ತು ಮಾರು ಆಚೆಗೆ, ನೆಟ್ಟ ಎರಡು ಕೋಲುಗಳ ಪಕ್ಕದಲ್ಲಿ ಹುಡುಗನೊಬ್ಬನು ಒಬ್ಬನೇ ನಿಂತು ಕಾಲಿನಿಂದ ಉಸುಕನ್ನು ಕೆದರುತ್ತಿದ್ದನು. ನೌಕಾನೆಲೆಯ ಕೆಲಸಕ್ಕೆ ವರ್ಗವಾಗಿ ಬಂದ ಪರಪ್ರಾಂತದವರ ಮಗ. ಕನ್ನಡವೂ ಬಾರದು, ಕೊಂಕಣಿಯೂ ಬಾರದು. ಹಿಂದಿನ ಊರಿನಲ್ಲಿ ತನ್ನ ಶಾಲೆಯ ತಂಡದ ನಾಯಕನಾಗಿದ್ದನೆಂದು ಇವರೇ ಒಂದು ವಾರದ ಹಿಂದೆ ನಮಗೆ ಹೆಮ್ಮೆಯಿಂದ ಹೇಳಿದ್ದರು. ಅಂದು ನಾವು ದಂಡೆಗೆ ಬಂದಾಗ, ‘ಬರೀ ಹೆಸರು ಮಾತ್ರ, ಆಟ ಏನೂ ಇಲ್ಲ’ ಎಂದು ಅವರೊಳಗೆ ಮಾತು ನಡೆದಿತ್ತು.

“ಇವತ್ತಿನ ಆಟದಲ್ಲಿ ಅವನಿಗೆ ಚೆಂಡನ್ನು ಎಷ್ಟು ಸಲ ಕೊಟ್ಟಿರಿ?” ಎಂದು ಕೇಳಿದೆವು.

ಒಬ್ಬರೂ ಉತ್ತರ ಕೊಡಲಿಲ್ಲ. ಒಬ್ಬನು ಮಾತ್ರ ಎದ್ದು, ಮೈಗೆ ಹತ್ತಿದ ಉಸುಕನ್ನು ಕೊಡವಿಕೊಂಡು, ಚೆಂಡನ್ನು ಎತ್ತಿಕೊಂಡು ಆ ಕಡೆಗೆ ನಡೆದನು. ಹೊತ್ತು ಮುಳುಗಲು ಇನ್ನೂ ಅರ್ಧ ಗಳಿಗೆಯಿತ್ತು. ನಾವು ಮನೆಯ ದಾರಿಯನ್ನು ಹಿಡಿದೆವು.